ಸಿಲಿಂಡರ್ ಸಿಡಿಯಲಿಲ್ಲ ಸ್ವಾಮೀ, ಮನೆ ಸಿಡೀತು!

ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆಗಿದ್ವು. ಆಫೀಸಲ್ಲಿ ರಿಲೀಸ್ ಮೇಲೆ ರಿಲೀಸ್, ಮನೇಲಿ ನೂರೆಂಟು ತಾಪತ್ರಯ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹುಟ್ಟು ಸೋಮಾರಿತನ :) ಇವತ್ತು ಬರೀತಿರೋದು ಮಾತ್ರ ಸಿಟ್ಟಿಗೆ. ಸಿಟ್ಟಲ್ಲಿ ಬರೆದದ್ದು ಉದ್ದ ಆಗುತ್ತೆ, ಸ್ವಲ್ಪ ಸಹಿಸ್ಕೊಳ್ಳಿ.

ಸಿಟ್ಟು ಯಾರ ಮೇಲೆ? ಮೊದಲಿಗೆ ಎರಡು ಪದಗಳ ಮೇಲೆ. "ಸಿಲಿಂಡರ್ ಸ್ಫೋಟ".

ಪೇಪರಿನಲ್ಲಿ, ಟಿವಿಯಲ್ಲಿ, ವಾಟ್ಸಾಪಿನಲ್ಲಿ, ಕೊನೆಗೆ ನಮ್ಮ ಬ್ಲಾಗುಗಳಲ್ಲೂ, ಅಡುಗೆ ಗ್ಯಾಸಿನಿಂದ ಯಾರೇ ಸತ್ತರೂ ಈ ಎರಡು ಪದ ರೆಡಿಯಾಗಿ ಕೂತಿರುತ್ತೆ. ಓದಿದವರು ಅಯ್ಯೋ ಪಾಪ ಅಂತಾರೆ, ಪುಟ ತಿರುಗಿಸ್ತಾರೆ. ಸಿಲಿಂಡರ್ ಸಿಡೀತಂತೆ... ಸಿಡಿಲು ಬಡೀತಂತೆ ಅನ್ನೋ ಧಾಟಿಯಲ್ಲೇ. ಯಾರ ತಪ್ಪೂ ಇಲ್ಲ, ಏನೂ ಮಾಡೋ ಹಾಗಿಲ್ಲ, ಅವರ ಟೈಮ್ ಸರಿ ಇರಲಿಲ್ಲ.

ಒಂದು ಕೆಲಸ ಮಾಡಿ. ಮುಂದಿನ ಸಲ ಇಂಥ ಸುದ್ದಿ ಬಂದಾಗ ಫೋಟೊ ಸರಿಯಾಗಿ ನೋಡಿ. ಗೋಡೆ ಬಿದ್ದಿರುತ್ತೆ, ಬಾಗಿಲು ಕಿತ್ತು ರಸ್ತೆಗೆ ಬಂದಿರುತ್ತೆ, ಶೀಟು ಹಾರಿಹೋಗಿರುತ್ತೆ. ಮಧ್ಯದಲ್ಲಿ ಎಷ್ಟೋ ಸಲ ಆ ಕೆಂಪು ಸಿಲಿಂಡರ್ ಮಸಿ ಹಿಡಿದು, ಇಡಿಯಾಗಿ, ನೆಟ್ಟಗೆ ನಿಂತಿರುತ್ತೆ! ಸಿಡಿದದ್ದು ಅದಲ್ಲ. ಸಿಡಿದದ್ದು ಮನೆ.

*

ನಮ್ಮ ಊರ ಹತ್ತಿರದ್ದನ್ನೇ ತಗೊಳ್ಳಿ. 2025ರ ಮೇ 1ರ ಬೆಳಗ್ಗೆ, ಅಡಕಮಾರನಹಳ್ಳಿ. ಅರಿಶಿನಕುಂಟೆಯಿಂದ ಬೆಂಗಳೂರಿನ ಕಡೆ ಹೊರಟರೆ ತುಮಕೂರು ರಸ್ತೆಯ ಬಗಲಿಗೇ ಸಿಗುತ್ತೆ. ಟ್ರಾಫಿಕ್ ಇಲ್ಲದಿದ್ದರೆ (ಹಾಗೊಂದು ದಿನ ಇದ್ದರೆ) ಬೈಕಿನಲ್ಲಿ ಕಾಲು ಗಂಟೆ ದಾರಿ. ಬಾಡಿಗೆ ಮನೆ, ಬಳ್ಳಾರಿ ಕಡೆಯ ಸಂಸಾರ. ಗ್ಯಾಸ್ ಸೋರಿದೆ. ಬೆಳಗ್ಗೆ ಪೂಜೆಗೆ ದೀಪ ಹಚ್ಚುವ ಹೊತ್ತು. ಮನೆ ತುಂಬ ಬೆಂಕಿ. ಇಬ್ಬರು ಸತ್ತರು. ಒಬ್ಬರು ಆ ಮನೆಯ ಯಜಮಾನರು. ಇನ್ನೊಬ್ಬರು ಒಳಗಿದ್ದವರನ್ನು ಉಳಿಸೋಣ ಅಂತ ಓಡಿ ಬಂದ ಪಕ್ಕದವರು.

ಅದಕ್ಕೂ ನಾಲ್ಕು ತಿಂಗಳ ಹಿಂದೆ, 2024ರ ಡಿಸೆಂಬರ್ 22ರ ರಾತ್ರಿ, ಹುಬ್ಬಳ್ಳಿಯ ಉಣಕಲ್ ಹತ್ತಿರ ಅಚ್ಚವ್ವನ ಕಾಲೋನಿ. ಅಯ್ಯಪ್ಪ ಮಾಲೆ ಹಾಕಿದ್ದ ಒಂಬತ್ತು ಜನ ಗುಡಿಯ ಕೋಣೆಯಲ್ಲಿ ಮಲಗಿದ್ದಾರೆ. ಅದೇ ಕೋಣೆಯಲ್ಲಿ ಅಡುಗೆ ಗ್ಯಾಸು. ಅದೇ ಕೋಣೆಯಲ್ಲಿ ಹಚ್ಚಿಟ್ಟ ದೀಪ. ರಾತ್ರಿ ಗ್ಯಾಸ್ ಸೋರಿತು, ದೀಪಕ್ಕೆ ತಾಗಿತು. ಮುಂದಿನ ದಿನಗಳಲ್ಲಿ ಆಸ್ಪತ್ರೆಯಿಂದ ಒಂದೊಂದೇ ಸುದ್ದಿ ಬರ್ತಾ ಬರ್ತಾ ಎಂಟು ಜನ ಹೋದರು. ಉಳಿದದ್ದು ಒಬ್ಬ ಹುಡುಗ.

ಎರಡೂ ಕಡೆ ಅದೇ ಮೂರು ವಸ್ತು. ಸಣ್ಣ ಕೋಣೆ, ಸೋರಿದ ಗ್ಯಾಸ್, ಹಚ್ಚಿದ ದೀಪ. ಎರಡಕ್ಕೂ ಬಹಳ ಕಡೆ ನಾನು ಓದಿದ್ದು ಅದೇ ಎರಡು ಪದ.

"ಏನಯ್ಯಾ, ಪದದಲ್ಲೇನಿದೆ? ಸತ್ತವರು ಸತ್ತರು" ಅಂತೀರೇನೋ. ಇದೆ ಸ್ವಾಮಿ, ಪದದಲ್ಲೇ ಎಲ್ಲಾ ಇದೆ. ಸಾಫ್ಟ್‌ವೇರಿನಲ್ಲಿ ಬಗ್ ರಿಪೋರ್ಟ್ ಬರೆಯೋರಿಗೆ ಗೊತ್ತು. "ಸಿಸ್ಟಮ್ ಕ್ರ್ಯಾಶ್ ಆಯ್ತು" ಅಂತ ಬರೆದರೆ ಯಾರೂ ಏನೂ ಸರಿ ಮಾಡಲ್ಲ, ರೀಸ್ಟಾರ್ಟ್ ಮಾಡಿ ಕೈ ತೊಳ್ಕೋತಾರೆ. ಎಲ್ಲಿ, ಯಾವಾಗ, ಯಾವ ಸಾಲಿನಲ್ಲಿ ಅಂತ ಬರೆದರೆ ಮಾತ್ರ ಯಾರೋ ಒಬ್ಬ ಕೂತು ಸರಿ ಮಾಡ್ತಾನೆ. ಸಿಲಿಂಡರ್ ಸ್ಫೋಟ ಅಂದರೆ ತಪ್ಪು ಸಿಲಿಂಡರಿನದ್ದು. ಗ್ಯಾಸ್ ತುಂಬಿದ ಕೋಣೆ ಸಿಡಿಯಿತು ಅಂದರೆ? ಆಗ ಪ್ರಶ್ನೆಗಳು ಬರ್ತವೆ. ಕೋಣೆಯಲ್ಲಿ ಗ್ಯಾಸ್ ಹೇಗೆ ತುಂಬಿತು? ಹೊರಗೆ ಹೋಗೋಕೆ ದಾರಿ ಯಾಕಿರಲಿಲ್ಲ? ಆ ಕೋಣೆ ಕಟ್ಟಿದವರು ಯಾರು??

ಆ ಕೊನೆಯ ಪ್ರಶ್ನೆಗೆ ನಮ್ಮ ಮನೆ ವಿಳಾಸವೇ ಉತ್ತರ. ಅದಕ್ಕೆ ಆಮೇಲೆ ಬರ್ತೀನಿ.

*

ಮೊದಲು ಸ್ವಲ್ಪ ಲೆಕ್ಕ. (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ?)

ನಮ್ಮ ಎಲ್‌ಪಿಜಿ ಅಂದರೆ ಪ್ರೋಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಸಿಲಿಂಡರಿನ ಒಳಗೆ ಒತ್ತಡದಲ್ಲಿ ದ್ರವವಾಗಿ ಕೂತಿರುತ್ತೆ. ಹೊರಗೆ ಬಂದರೆ ಆ ದ್ರವ ಸುಮಾರು 250 ಪಟ್ಟು ಹಿಗ್ಗಿ ಅನಿಲ ಆಗುತ್ತೆ. ಗಾಳಿಯಲ್ಲಿ ಅದು ಸುಮಾರು 2 ಪರ್ಸೆಂಟ್ ಸೇರಿದರೆ ಸಾಕು, ಕಿಡಿ ತಾಗಿದ್ರೆ ಹೊತ್ಕೊಳ್ಳುತ್ತೆ. ಸುಮಾರು ಒಂಬತ್ತು, ಒಂಬತ್ತೂವರೆ ಪರ್ಸೆಂಟ್ ದಾಟಿದರೆ ಉರಿಯೋಕೆ ಗಾಳಿ ಸಾಲಲ್ಲ. ಆದರೆ ಅದು ಸಮಾಧಾನದ ವಿಷಯ ಅಲ್ಲ, ನೀವು ಬಾಗಿಲು ತೆಗೆದ ಕೂಡಲೇ ಗಾಳಿ ಬೆರೆತು ಮತ್ತೆ ಉರಿಯೋ ಹದಕ್ಕೆ ಬಂದಿರುತ್ತೆ.

ಈಗ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ. ಒಳಗೆ ಸುಮಾರು 28 ಘನ ಮೀಟರ್ ಗಾಳಿ. ಅದರ 2 ಪರ್ಸೆಂಟ್ ಅಂದರೆ ಅರ್ಧ ಘನ ಮೀಟರಿಗಿಂತ ಸ್ವಲ್ಪ ಹೆಚ್ಚು. ತೂಕದ ಲೆಕ್ಕದಲ್ಲಿ ಒಂದೂಕಾಲು ಕೆಜಿ ಗ್ಯಾಸ್. 14.2 ಕೆಜಿ ಸಿಲಿಂಡರಿನಲ್ಲಿ ಹತ್ತನೇ ಒಂದು ಭಾಗವೂ ಅಲ್ಲ!

ಇದೂ ಕೂಡ ಗ್ಯಾಸ್ ಇಡೀ ಕೋಣೆಯಲ್ಲಿ ಸಮನಾಗಿ ಹರಡಿದರೆ ಮಾತ್ರ. ಅದು ಹಾಗೆ ಹರಡೋದೇ ಇಲ್ಲ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ ಇರೋದರಿಂದ ನೀರು ಚೆಲ್ಲಿದ ಹಾಗೆ ನೆಲದ ಮೇಲೆ ಹರಿಯುತ್ತೆ. ಮಂಚದ ಕೆಳಗೆ, ಮೂಲೆಗೆ, ಬಚ್ಚಲ ತೂತಿಗೆ, ಸಂಪಿಗೆ. ಕೆಳಗಿನ ಎರಡಡಿಯಲ್ಲೇ ನಿಂತಿದೆ ಅಂದುಕೊಳ್ಳಿ, ಆಗ ಕಾಲು ಕೆಜಿ ಸಾಕು. ಒಂದು ಕಾಲು ಕೆಜಿ ಕಾಫಿಪುಡಿ ಪ್ಯಾಕೆಟ್ಟಿನ ತೂಕ.

ನಮ್ಮ ಜನ ಮಲಗೋದು ಎಲ್ಲಿ? ನೆಲದ ಮೇಲೆ ಚಾಪೆ ಹಾಸಿ. ದೀಪ ಹಚ್ಚೋದು ಎಲ್ಲಿ? ನೆಲದ ಮೇಲೆ, ಇಲ್ಲಾ ಒಂದಡಿ ಎತ್ತರದ ಮಣೆ ಮೇಲೆ. ಮನೆಗೆ ವೆಂಟಿಲೇಟರ್ ಇಡೋದು ಎಲ್ಲಿ? ಎಂಟಡಿ ಮೇಲೆ! ಕಟ್ಟಿಗೆ ಒಲೆ ಕಾಲದಲ್ಲಿ ಹೊಗೆ ಮೇಲಕ್ಕೆ ಹೋಗ್ತಿತ್ತು, ಅದಕ್ಕೆ ಮೇಲೆ ಕಿಂಡಿ ಬಿಡ್ತಿದ್ದರು. ಸರಿಯೇ ಇತ್ತು. ಒಲೆ ಬದಲಾಯಿತು, ಕಿಂಡಿ ಅಲ್ಲೇ ಉಳೀತು.

ವಾಸನೆ ಬರುತ್ತಲ್ಲ ಅಂತೀರಾ? ಆ ವಾಸನೆ ಗ್ಯಾಸಿನದ್ದಲ್ಲ. ಬೇಕಂತಲೇ ಸೇರಿಸಿದ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ರಾಸಾಯನಿಕದ್ದು. ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಅನ್ನೋ ಊರಿನಲ್ಲಿ 1937ರ ಮಾರ್ಚ್ 18ರಂದು ಶಾಲೆಯೊಂದರ ನೆಲದಡಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ತುಂಬಿಕೊಂಡು ಕಟ್ಟಡವೇ ಎದ್ದು ಬಿದ್ದಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಆಮೇಲೆ ಗ್ಯಾಸಿಗೆ ವಾಸನೆ ಬೆರೆಸಲೇಬೇಕು ಅಂತ ಅಲ್ಲಿ ಕಾನೂನು ಆಯ್ತು. ಇವತ್ತು ನಮ್ಮ ಅಡುಗೆಮನೇಲಿ ಕೊಳೆತ ಮೊಟ್ಟೆಯಂಥ ವಾಸನೆ ಬಂದಾಗಲೆಲ್ಲ ನನಗೆ ಆ ಮಕ್ಕಳ ನೆನಪಾಗುತ್ತೆ. ಆದರೆ ನಿದ್ದೆಯಲ್ಲಿರೋ ಮನುಷ್ಯನನ್ನ ವಾಸನೆ ಎಬ್ಬಿಸುತ್ತೆ ಅಂತ ನಂಬ್ಕೊಂಡು ಮಲಗಬೇಡಿ. ಎಚ್ಚರ ಇರೋರಿಗೂ ಸ್ವಲ್ಪ ಹೊತ್ತಾದ ಮೇಲೆ ಮೂಗು ಒಗ್ಗಿಹೋಗುತ್ತೆ. ನೆಗಡಿ ಆದವರ, ವಯಸ್ಸಾದವರ ಕಥೆ ಬಿಡಿ.

*

ಈಗ ನಮ್ಮ ಮನೆ ಕಥೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಹಿಂದೆ ರಾಗಿ ಹೊಲ ಇತ್ತು. ಈಗ ಅಲ್ಲಿ ಸಾಲುಮನೆ ಇವೆ. ನಮ್ಮವೂ ನಾಲ್ಕು, ಮಹಡಿ ಮೇಲೆ. ಅಪ್ಪ ರಿಟೈರ್ ಆದ ದುಡ್ಡಲ್ಲಿ ಕಟ್ಟಿಸಿದ್ದು. ಒಂದೊಂದೂ ಹತ್ತು ಬೈ ಹತ್ತು, ಮೂಲೆಯಲ್ಲಿ ಒಂದು ಕಡಪಾ ಕಲ್ಲಿನ ಕಟ್ಟೆ, ಅದರ ಕೆಳಗೆ ಸಿಲಿಂಡರ್ ಇಡೋ ಗೂಡು, ಪಕ್ಕದಲ್ಲಿ ಬಚ್ಚಲು. ಗೋಡೌನುಗಳಲ್ಲಿ, ಪೀಣ್ಯದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋರು ಇರ್ತಾರೆ. ರಾಯಚೂರು, ಯಾದಗಿರಿ ಕಡೆಯವರು, ಬಿಹಾರದವರು, ಒಡಿಶಾದವರು. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದ ತನಕ ಬಂದ ಮೇಲೆ ನಮ್ಮ ಕಡೆ ಬಾಡಿಗೆ ಏರಿದೆ, ಕೋಣೆ ಏನೂ ದೊಡ್ಡದಾಗಿಲ್ಲ.

ಆ ಗೂಡಿಗೆ ಅಪ್ಪ ಪ್ಲೈವುಡ್ ಬಾಗಿಲು ಹಾಕಿಸಿದ್ದ, "ನೋಡೋಕೆ ಚೆನ್ನಾಗಿರುತ್ತೆ" ಅಂತ. ಸಿಲಿಂಡರನ್ನ ಗಾಳಿಯಾಡದ ಗೂಡಲ್ಲಿ ಮುಚ್ಚಿಡಬಾರದು, ಇಟ್ಟರೆ ನೆಲದ ಮಟ್ಟದಲ್ಲಿ ತೂತು ಇರಬೇಕು ಅಂತ ಗ್ಯಾಸ್ ಪುಸ್ತಕದ ಜೊತೆ ಕೊಡೋ ಸೂಚನೆಯಲ್ಲೇ ಇರುತ್ತೆ. ಯಾರು ಓದ್ತಾರೆ? ನಾವೂ ಓದಿರಲಿಲ್ಲ.

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮ ಒಣಗಿದ ಬಟ್ಟೆ ತರೋಕೆ ಮೇಲೆ ಹೋದವಳು ಮೆಟ್ಟಿಲಲ್ಲೇ ನಿಂತು ಕೂಗಿದಳು. "ಲೋ, ಮೂರನೇ ಮನೆ ಹತ್ರ ಗ್ಯಾಸ್ ವಾಸ್ನೆ ಕಣೋ..." ನಾನು ಹೋದೆ. ಬಾಗಿಲ ಸಂದಿಯಿಂದ ವಾಸನೆ ಹೊಡೀತಿದೆ. ಒಳಗೆ ಮೂರು ಜನ ಹುಡುಗರು, ಎರಡನೇ ಶಿಫ್ಟ್ ಮುಗಿಸಿ ಬಂದು ಮಲಗಿದ್ದಾರೆ. ಕಾಲಿಂಗ್ ಬೆಲ್ ಒತ್ತೋಕೆ ಕೈ ಹೋಯ್ತು. ಬೆರಳು ಅರ್ಧ ಇಂಚು ದೂರದಲ್ಲಿದ್ದಾಗ ನಿಲ್ಲಿಸಿದೆ. ಈಗ ನೆನೆಸ್ಕೊಂಡರೂ ಕೈ ತಣ್ಣಗಾಗುತ್ತೆ.

ಬಾಗಿಲು ಬಡಿದೆ. ಒಬ್ಬ ಎದ್ದು ಬಂದ. "ಲೈಟ್ ಹಾಕ್ಬೇಡ!" ಅಂತ ಕಿರುಚಿದೆ. ಪುಣ್ಯಕ್ಕೆ ನಿದ್ದೆಗಣ್ಣಲ್ಲಿ ಹಾಕಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಕತ್ತಲಲ್ಲೇ ಗೂಡಿನ ಬಾಗಿಲು ತೆಗೆದು, ರೆಗ್ಯುಲೇಟರ್ ತಿರುಗಿಸಿ ಬಿಚ್ಚಿದೆ. ಬಿಚ್ಚಿದ ಮೇಲೂ ಸುಯ್ ಅಂತ ಸದ್ದು. ಬಾಯಿಗೆ ಹಾಕೋ ಕ್ಯಾಪ್ ಇದೆಯಲ್ಲ, ನೈಲಾನ್ ದಾರದಲ್ಲಿ ಸಿಲಿಂಡರಿಗೇ ಕಟ್ಟಿರ್ತಾರೆ, ಆ ದಾರ ಕತ್ತರಿಸಿ ಎಲ್ಲೋ ಬಿಸಾಕಿದ್ದರು. ಅಮ್ಮ ಓಡಿಹೋಗಿ ನಮ್ಮ ಸಿಲಿಂಡರಿನದ್ದು ತಂದುಕೊಟ್ಟಳು. ಹಾಕಿ ಒತ್ತಿದ ಮೇಲೆ ಸದ್ದು ನಿಂತಿತು. ಸಿಲಿಂಡರನ್ನ ಟೆರೇಸಿಗೆ ಹೊತ್ತು ಹಾಕಿ, 1906ಕ್ಕೆ ಫೋನ್ ಮಾಡಿದೆ, ಕೆಳಗೆ ರಸ್ತೆಗೆ ಬಂದು ಮಾಡಿದೆ. (ಗ್ಯಾಸ್ ಸೋರಿಕೆಗೆ ಅಂತಲೇ ಇರೋ ನಂಬರ್ ಅದು, ಫೋನಲ್ಲಿ ಸೇವ್ ಮಾಡ್ಕೊಳ್ಳಿ.) ಬಾಯಿಯ ಒಳಗಿನ ರಬ್ಬರ್ ವಾಷರ್ ಹರಿದಿತ್ತು ಅಂತ ಬೆಳಗ್ಗೆ ಗೊತ್ತಾಯ್ತು. ಸಿಲಿಂಡರ್ ಕೊಡುವಾಗ ಸೀಲ್ ಬಿಚ್ಚಿ, ಸೋರಿಕೆ ನೋಡಿ ಕೊಡಬೇಕು ಅನ್ನೋದು ನಿಯಮ. ತಂದುಕೊಟ್ಟವನು ಕೆಳಗೆ ಗೇಟಿನಲ್ಲೇ ಇಳಿಸಿ ಹೋಗಿದ್ದನಂತೆ. ನಾವೂ ಯಾವತ್ತೂ ಕೇಳಿದವರಲ್ಲ.

ಆ ಕೋಣೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್ ಇತ್ತು. ಇದನ್ನ ಯಾಕೆ ಹೇಳ್ತೀನಿ ಅಂದರೆ, ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು ಅಂತ ಈಗ ಸುಮಾರು ಜನಕ್ಕೆ ಗೊತ್ತು. ಫ್ರಿಜ್ಜಿಗೆ ಗೊತ್ತಿಲ್ಲ. ಅದು ತನ್ನಷ್ಟಕ್ಕೆ ತಾನೇ ಆನ್ ಆಗುತ್ತೆ, ಆಫ್ ಆಗುತ್ತೆ, ಆ ಕ್ಷಣದಲ್ಲಿ ಒಳಗೆಲ್ಲೋ ಒಂದು ಸಣ್ಣ ಕಿಡಿ ಹಾರಬಹುದು. ಅಡುಗೆ, ನಿದ್ದೆ, ದೇವರು, ಫ್ರಿಜ್ಜು ಎಲ್ಲಾ ನೂರು ಚದರಡಿಯಲ್ಲಿ ಇರೋವಾಗ "ಎಚ್ಚರಿಕೆಯಿಂದಿರಿ" ಅನ್ನೋದು ಎಂಥ ಉಪದೇಶ? ಪೆಟ್ರೋಲ್ ಬಂಕಲ್ಲಿ ಮೊಬೈಲ್ ಬಳಸಬೇಡಿ ಅಂತ ದಿನಕ್ಕೆರಡು ಫಾರ್ವರ್ಡ್ ಬರುತ್ತೆ, ಫ್ರಿಜ್ ಬಗ್ಗೆ ಒಂದು ಬಂದಿದ್ದು ನಾನು ನೋಡಿಲ್ಲ.

*

ಬೆಳಗ್ಗೆ ಅಪ್ಪನ ಜೊತೆ ಜಗಳ.

"ಅವ್ರು ಕ್ಯಾಪ್ ಬಿಸಾಕಿದ್ರೆ ನಾನೇನ್ ಮಾಡ್ಲಿ? ಓದು ಬರಹ ಬರಲ್ಲ ಆ ಹುಡುಗ್ರಿಗೆ" ಅಂದ ಅಪ್ಪ.

"ಅಪ್ಪ, ಗೂಡಿಗೆ ಬಾಗಿಲು ಹಾಕ್ಸಿದ್ದು ಅವ್ರಾ, ನೀನಾ?"

"ಎಲ್ಲಾರ ಮನೇಲೂ ಹಂಗೇ ಇರೋದು ಕಣಪ್ಪ. ಈ ಬೀದಿಲಿ ಒಂದು ಮನೆ ತೋರ್ಸು ಕೆಳಗಡೆ ಕಿಂಡಿ ಇರೋದು."

ಒಂದೂ ಇರಲಿಲ್ಲ, ತೋರಿಸೋಕೆ. ಅಪ್ಪ ಹೇಳಿದ್ದು ನಿಜ. ನನ್ನ ತಕರಾರೂ ಅದೇ. ಬಡವರು ಸತ್ತಾಗ ಅವರ ಅಜಾಗರೂಕತೆ ಅಂತೀವಿ. ಕೋಣೆ ಕಟ್ಟಿ ಬಾಡಿಗೆ ಎಣಿಸೋ ನಾವು ಆ ವಾಕ್ಯದಲ್ಲಿ ಎಲ್ಲೂ ಕಾಣೋದೇ ಇಲ್ಲ. ಕಟ್ಟೋ ಮೊದಲು ಪ್ಲಾನ್ ಪಾಸ್ ಮಾಡಿದವರೂ ಕಾಣಲ್ಲ. ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದ್ದೀರ ಅಂತ ಕೇಳೋಕೆ ಬಂದವರಿದ್ದಾರೆ (ಬಂದು, ಕಾಫಿ ಕುಡಿದು ಹೋದರು, ಬಿಡಿ). ಅಡುಗೆ ಮೂಲೆಯಲ್ಲಿ ನೆಲಮಟ್ಟದ ಕಿಂಡಿ ಇದೆಯಾ ಅಂತ ಕೇಳಿದವರು ಒಬ್ಬರೂ ಇಲ್ಲ.

ಲಂಡನ್ನಿನಲ್ಲಿ ರೋನನ್ ಪಾಯಿಂಟ್ ಅಂತ 22 ಮಹಡಿ ಕಟ್ಟಡ ಇತ್ತು. 1968ರ ಮೇ 16ರ ಬೆಳಗಿನ ಜಾವ 18ನೇ ಮಹಡಿಯಲ್ಲಿ ಒಬ್ಬ ಹೆಂಗಸು ಟೀ ಮಾಡೋಕೆ ಎದ್ದು ಬೆಂಕಿಕಡ್ಡಿ ಗೀರಿದರು. ಗ್ಯಾಸ್ ಪೈಪಿನ ಒಂದು ನಟ್ ಸರಿ ಇರಲಿಲ್ಲ, ರಾತ್ರಿಯಿಡೀ ಸೋರಿತ್ತು. ಅಡುಗೆಮನೆ ಸಿಡಿದು ಗೋಡೆ ಹೊರಗೆ ಹಾರಿತು, ಆಮೇಲೆ ಕಟ್ಟಡದ ಇಡೀ ಮೂಲೆ ಮೇಲಿಂದ ಕೆಳಗೆ ಇಸ್ಪೀಟೆಲೆ ಥರ ಕುಸೀತು. ನಾಲ್ಕು ಜನ ಸತ್ತರು. ಕಡ್ಡಿ ಗೀರಿದ ಹೆಂಗಸು ಬದುಕಿದರು! ಅಲ್ಲಿ ತನಿಖೆ ಮಾಡಿದವರು ನಟ್ಟಿನ ಬಗ್ಗೆ ಬರೆದು ಸುಮ್ಮನಾಗಲಿಲ್ಲ. ಒಂದು ಅಡುಗೆಮನೆ ಸಿಡಿದರೆ ಕಟ್ಟಡದ ಮೂಲೆ ಪೂರ್ತಿ ಯಾಕೆ ಬೀಳಬೇಕು ಅಂತ ಕೇಳಿದರು. ಎರಡು ವರ್ಷದಲ್ಲಿ ಬ್ರಿಟನ್ನಿನ ಕಟ್ಟಡ ನಿಯಮವೇ ಬದಲಾಯಿತು. ಅಲ್ಲಿನದು ಪೈಪಲ್ಲಿ ಬರೋ ಬೇರೆ ಗ್ಯಾಸು, ನಮ್ಮ ಎಲ್‌ಪಿಜಿ ಅಲ್ಲ, ಗೊತ್ತು. ನಾನು ಹೇಳ್ತಿರೋದು ಅವರು ಕೇಳಿದ ಪ್ರಶ್ನೆ ಬಗ್ಗೆ.

*

ಸರಿ, ಸಿಲಿಂಡರ್ ಯಾವತ್ತೂ ಸಿಡಿಯೋದೇ ಇಲ್ವಾ? ಸಿಡಿಯುತ್ತೆ, ಸುಳ್ಳು ಹೇಳಲ್ಲ. ಮನೆಗೆ ಬೆಂಕಿ ಹತ್ತಿ, ಅದರ ಮಧ್ಯೆ ಸಿಲಿಂಡರ್ ಬೇಯ್ತಾ ನಿಂತರೆ ಒಳಗಿನ ದ್ರವ ಕುದ್ದು ಲೋಹ ಹರಿಯಬಹುದು. ಅದಕ್ಕೇ ಉರಿಯೋ ಮನೆ ಹತ್ತಿರ ನಿಂತು ವಿಡಿಯೋ ಮಾಡಬೇಡಿ. ಇದೇ ಕೆಲಸ ದೊಡ್ಡದಾಗಿ ಆದರೆ ಹೇಗಿರುತ್ತೆ ಅಂತ 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ರಸ್ತೆ ಬದಿಯ ಮನೆಗಳೇ ಸುಟ್ಟುಹೋದಾಗ ನೋಡಿದ್ದೀವಿ. ಹೆದ್ದಾರಿ ಪಕ್ಕ ಇರೋ ನಮ್ಮೂರಿನವರು ಬುಲೆಟ್ ಟ್ಯಾಂಕರ್ ಕಂಡರೆ ಹೆದರ್ತಾರೆ. ಮನೇಲಿರೋದಕ್ಕೆ ಹೆದರಲ್ಲ.

ಇನ್ನೊಂದು ಸಿಡಿಯೋ ಸಿಲಿಂಡರ್ ಅಂದರೆ ಆ ಎರಡು-ಮೂರು ಕೆಜಿಯ ಪುಟಾಣಿ ಸಿಲಿಂಡರು, ಮೇಲೇ ಬರ್ನರ್ ಇರೋದು. ಸ್ಟೌ ರಿಪೇರಿ ಅಂಗಡಿಯ ಹಿಂಭಾಗದಲ್ಲಿ, ಮನೆ ಸಿಲಿಂಡರನ್ನ ತಲೆಕೆಳಗೆ ಮಾಡಿ, ಪೈಪು ಸಿಕ್ಕಿಸಿ ತುಂಬಿಸಿ ಕೊಡ್ತಾರೆ. ಸಿಲಿಂಡರಿನಲ್ಲಿ ದ್ರವ ಹಿಗ್ಗೋಕೆ ಅಂತ ಮೇಲೆ ಸ್ವಲ್ಪ ಜಾಗ ಖಾಲಿ ಬಿಡಲೇಬೇಕು. ಅಂಗಡಿಯವನು ಕಂಠಮಟ್ಟ ತುಂಬಿಸ್ತಾನೆ, ಗಿರಾಕಿಗೆ ಖುಷಿ ಆಗಲಿ ಅಂತ. ಮಧ್ಯಾಹ್ನ ಶೀಟ್ ಮನೆ ಕಾದಾಗ ಆ ದ್ರವಕ್ಕೆ ಹಿಗ್ಗೋಕೆ ಜಾಗವೇ ಇಲ್ಲ.

ಯಾಕೆ ತುಂಬಿಸ್ಕೋತಾರೆ? ನಮ್ಮ ಮನೆ ನಾಲ್ಕನೇ ಕೋಣೆಯ ಯಾದಗಿರಿ ಹುಡುಗನನ್ನ ಕೇಳಿದೆ. "ಏನ್ ಮಾಡೂದ್ರೀ ಅಣ್ಣಾರ, ಕನೆಕ್ಷನ್‌ಗೆ ಅಡ್ರೆಸ್ ಪ್ರೂಫ್ ಕೇಳ್ತಾರ. ನಿಮ್ಮ ಅಪ್ಪಾರು ಅಗ್ರಿಮೆಂಟ್ ಕೊಡೂದಿಲ್ಲ ಅಂತಾರ" ಅಂದ. ಮುಖಕ್ಕೆ ಹೊಡೆದ ಹಾಗಾಯ್ತು. ಅಗ್ರಿಮೆಂಟ್ ಕೊಟ್ಟರೆ ಹಕ್ಕು ಕೇಳ್ತಾರೆ ಅನ್ನೋ ಭಯ ನಮ್ಮ ಬೀದಿಯ ಎಲ್ಲಾ ಓನರುಗಳಿಗೂ ಇದೆ.

ಅಡ್ರೆಸ್ ಪ್ರೂಫ್ ಇಲ್ಲದವರಿಗೇ ಅಂತ 5 ಕೆಜಿಯ ಸಿಲಿಂಡರ್ ಇದೆ, ಗುರುತಿನ ಚೀಟಿ ತೋರಿಸಿದರೆ ಸಾಕು. ಪೆಟ್ರೋಲ್ ಬಂಕುಗಳಲ್ಲಿ ಇದನ್ನ ಮಾರೋ ಯೋಜನೆಗೆ 2013ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿದ್ದೇ ನಮ್ಮ ಬೆಂಗಳೂರಲ್ಲಿ, ಆಗ ಪೆಟ್ರೋಲಿಯಂ ಮಂತ್ರಿಯಾಗಿದ್ದ ವೀರಪ್ಪ ಮೊಯಿಲಿಯವರಿಂದ. ಇಂಡೇನ್‌ನವರು 2020ರಲ್ಲಿ ಇದಕ್ಕೆ ಛೋಟು ಅಂತ ಹೆಸರೂ ಇಟ್ಟರು. ಆ ಹುಡುಗನಿಗೆ ಗೊತ್ತಿರಲಿಲ್ಲ. ಅವನಿರಲಿ, ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರಿಗೂ ಒಂದು ತಕರಾರಿದೆ: ಕೆಜಿ ಲೆಕ್ಕದಲ್ಲಿ ಮನೆ ಸಿಲಿಂಡರಿಗಿಂತ ದುಬಾರಿ. ಕಡಿಮೆ ದುಡಿಯೋರು ಹೆಚ್ಚು ಕೊಡಬೇಕು, ಇದೆಂಥ ನ್ಯಾಯವೋ.

ಇನ್ಶೂರೆನ್ಸ್ ಕಥೆಯೂ ಹೀಗೇ. ಗ್ಯಾಸ್ ಕನೆಕ್ಷನ್ ಇರೋರಿಗೆ ತೈಲ ಕಂಪನಿಗಳು ಮಾಡಿಸಿದ ವಿಮೆ ಇದೆ, ನಾವು ಒಂದು ಪೈಸೆ ಕಟ್ಟಬೇಕಿಲ್ಲ. ಗ್ಯಾಸ್ ಅಪಘಾತದಲ್ಲಿ ಸತ್ತರೆ ತಲಾ 6 ಲಕ್ಷ, ಚಿಕಿತ್ಸೆಗೆ ತಲಾ 2 ಲಕ್ಷದ ತನಕ, ನೋಂದಣಿ ಆದ ವಿಳಾಸದ ಮನೆಗೆ ಹಾನಿಯಾದರೆ 2 ಲಕ್ಷದ ತನಕ. ಅಂಗಡಿ ಹಿಂದೆ ತುಂಬಿಸಿಕೊಂಡ ಪುಟಾಣಿ ಸಿಲಿಂಡರಿಗೆ ಯಾವ ನೋಂದಣಿ, ಯಾವ ವಿಳಾಸ? ಅಗ್ರಿಮೆಂಟ್ ಕೊಡದ ನಮ್ಮ ಜಾಣತನದ ಬೆಲೆ ಇದು, ಕಟ್ಟೋರು ಅವರು.

*

ಇನ್ನೊಂದು ಸುಳ್ಳು ಪದ ಉಳೀತು. "ಗೀಸರ್ ಗ್ಯಾಸ್ ಸೋರಿಕೆ".

2023ರ ಜೂನ್‌ನಲ್ಲಿ ಚಿಕ್ಕಜಾಲದ ಹತ್ತಿರ ತರಬನಹಳ್ಳಿಯಲ್ಲಿ ಮದುವೆ ಆಗಬೇಕಿದ್ದ ಹುಡುಗ ಹುಡುಗಿ ಬಚ್ಚಲಲ್ಲಿ ಸತ್ತರು. 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ-ತಂಗಿ. ಪ್ರತಿ ಸಲ ಗ್ಯಾಸ್ ಸೋರಿಕೆ ಅಂತ ಬರೀತಾರೆ. ಸೋರಿದ್ದರೆ ವಾಸನೆ ಬರ್ತಿತ್ತಲ್ರೀ! ಇಂಥ ಸಾವುಗಳಲ್ಲಿ ಕೊಲ್ಲೋದು ಸೋರಿದ ಗ್ಯಾಸಲ್ಲ, ಉರಿದ ಗ್ಯಾಸು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಅಲ್ಲಿನ ಆಮ್ಲಜನಕ ಖಾಲಿಯಾಗ್ತಾ ಬರುತ್ತೆ, ಗ್ಯಾಸ್ ಅರೆಬರೆ ಉರಿಯುತ್ತೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸೇರಿಸಿದ್ದ ಮರ್ಕ್ಯಾಪ್ಟನ್ ಕೂಡ ಉರಿದುಹೋಗಿರುತ್ತೆ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಸ್ವಲ್ಪ ತಲೆನೋವು, ತಲೆಸುತ್ತು, ಕಾಲಲ್ಲಿ ಶಕ್ತಿ ಇಲ್ಲ. ಬಿಸಿನೀರಿನ ಹಬೆಗೆ ಹೀಗಾಗ್ತಿದೆ ಅಂದ್ಕೊಳ್ಳೋಷ್ಟರಲ್ಲಿ ಬಾಗಿಲ ಚಿಲಕಕ್ಕೆ ಕೈ ಎತ್ತೋಕೆ ಆಗಲ್ಲ.

ಸೋರಿಕೆ ಅಂತ ಬರೆದರೆ ಜನ ಏನು ಮಾಡ್ತಾರೆ? ಪೈಪ್ ಟೈಟ್ ಮಾಡಿಸ್ತಾರೆ, ವಾಸನೆ ಇಲ್ಲ ಅಂತ ನಿಶ್ಚಿಂತೆಯಾಗಿ ಕಿಟಕಿ ಮುಚ್ಚಿ ಸ್ನಾನ ಮಾಡ್ತಾರೆ. ತಪ್ಪು ಪದ ಓದಿದ ತಪ್ಪಿಗೆ ಇನ್ನೊಬ್ಬರು ಸಾಯ್ತಾರೆ. ಗ್ಯಾಸ್ ಗೀಸರ್ ಇರಬೇಕಾದ್ದು ಬಚ್ಚಲ ಹೊರಗೆ, ಬಯಲಿಗೆ ತೆರೆದ ಜಾಗದಲ್ಲಿ. ಒಳಗೆ ಬಿಸಿನೀರಿನ ಪೈಪ್ ಮಾತ್ರ. ನಮ್ಮ ಬೀದಿಯ "ಮನೆ ಬಾಡಿಗೆಗೆ ಇದೆ" ಬೋರ್ಡುಗಳಲ್ಲಿ "ಗೀಸರ್ ಸೌಲಭ್ಯ" ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಮೂರಡಿ ಬೈ ನಾಲ್ಕಡಿ ಬಚ್ಚಲು, ಮೇಲಿನ ಒಂದು ಕಿಂಡಿಗೂ ಚಳಿ ಅಂತ ರಟ್ಟು ಅಂಟಿಸಿರ್ತಾರೆ. ನಮ್ಮ ಮನೆಯ ಎರಡನೇ ಕೋಣೆಯ ಬಚ್ಚಲೂ ಹಾಗೇ ಇತ್ತು.

*

ಬ್ಲಾಗ್ ಬರೆಯೋ ಗೆಳೆಯರಿಗೆ ನನ್ನದು ಜಗಳವೂ ಹೌದು, ಬೇಡಿಕೆಯೂ ಹೌದು. ನಿಮ್ಮಲ್ಲಿ ಪೇಪರಿನಲ್ಲಿ, ಚಾನೆಲ್ಲಿನಲ್ಲಿ ಕೆಲಸ ಮಾಡೋರಿದ್ದೀರ. "ಸಿಲಿಂಡರ್ ಸ್ಫೋಟ" ಅಂತ ಟೈಪ್ ಮಾಡೋ ಮೊದಲು ಸಿಲಿಂಡರ್ ಇಡಿಯಾಗಿದೆಯಾ ಅಂತ ಒಂದು ಸಲ ಕೇಳಿ. ಕೋಣೆ ಎಷ್ಟು ಅಡಿ, ಕಿಟಕಿ ಎಲ್ಲಿತ್ತು, ಮನೆ ಯಾರದ್ದು ಅಂತ ಬರೀರಿ. ಸತ್ತವರ ಹೆಸರು, ವಯಸ್ಸು, ಊರು ಬರೀತೀರ, ಓನರ್ ಬಗ್ಗೆ ಒಂದು ಸಾಲು ಬರೆಯೋಕೇನು? ನಿಮ್ಮಲ್ಲಿ ಇನ್ನೂ ಕೆಲವರು ನಮ್ಮ ಹಾಗೇ ಮನೆ ಬಾಡಿಗೆಗೆ ಕೊಟ್ಟೋರಿದ್ದೀರ, ನಂಗೊತ್ತು. ಒಂದು ಸಲ ಮೇಲೆ ಹತ್ತಿ ನೋಡಿ ಬನ್ನಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಇದ್ದರೆ ಅದರ ಮೇಲೆ ಇಸವಿ ಇರುತ್ತೆ, ಐದು ವರ್ಷ ಆಗಿದ್ದರೆ ಬದಲಾಯಿಸಿ, ಒಂದು ಪಿಜ್ಜಾ ದುಡ್ಡು ಆಗಲ್ಲ. ಸಿಲಿಂಡರಿನ ಕುತ್ತಿಗೆ ಪಟ್ಟಿ ಮೇಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಲ್ಲಿ ಇಸವಿ ಇರುತ್ತೆ. ಎ ಅಂದರೆ ಜನವರಿಯಿಂದ ಮಾರ್ಚ್, ಹಾಗೇ ಮೂರು ಮೂರು ತಿಂಗಳು. ಮತ್ತೆ ಪರೀಕ್ಷೆ ಆಗಬೇಕಾದ ಗಡುವು ಅದು. ದಾಟಿದ್ದರೆ ವಾಪಸ್ ಕೊಡಿ, ಮುಲಾಜು ಬೇಡ.

"ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ" ಅಂತ ಕಾಮೆಂಟ್ ಹಾಕೋರಿಗೆ ಮುಂಚೆನೇ ಹೇಳಿಬಿಡ್ತೀನಿ: ಅಪ್ಪನೂ ಅದನ್ನೇ ಅಂದ. ಎರಡು ದಿನ ಮಾತು ಬಿಟ್ಟಿದ್ವಿ.

ಮೂರನೇ ದಿನ ಭಾನುವಾರ. ಕೋರ್ ಕಟಿಂಗ್ ಮಾಡೋನನ್ನ ಕರೆಸಿದೆ. ಅಡುಗೆ ಕಟ್ಟೆ ಕೆಳಗೆ ಹೊರಗೋಡೆಗೆ ನಾಲ್ಕಿಂಚಿನ ತೂತು, ನೆಲಕ್ಕೆ ಹತ್ತಿರ, ಒಂದಕ್ಕೆ ಮುನ್ನೂರೈವತ್ತು ರೂಪಾಯಿ. ಪ್ಲೈವುಡ್ ಬಾಗಿಲು ಕಿತ್ತು ಹಾಕಿದ್ದು ಅಪ್ಪನೇ, ಒಂದೂ ಮಾತಾಡದೆ. ಮಾರನೇ ದಿನವೇ ಕಂಪ್ಲೇಂಟ್ ಬಂತು, ತೂತಲ್ಲಿ ಇಲಿ ಬರ್ತಿದೆ ಅಂತ! ಇಲಿ ಬಂದರೆ ಪೈಪ್ ಕಡಿಯುತ್ತೆ, ಅದು ಇನ್ನೂ ಅಪಾಯ. ನೆಲಮಂಗಲಕ್ಕೆ ಹೋಗಿ ಸ್ಟೀಲ್ ಜಾಲರಿ ತಂದು ಹೊಡೆದೆ. ಎರಡನೇ ಕೋಣೆಯ ಗೀಸರ್ ಬಿಚ್ಚಿ ಹೊರಗಡೆ ಪ್ಯಾಸೇಜಿಗೆ ಹಾಕಿಸಿದ್ದಾಯ್ತು. ನಾಲ್ಕರಲ್ಲಿ ಎರಡು ಕೋಣೆಗೆ ತೂತು ಆಗಿದೆ. ಇನ್ನೆರಡಕ್ಕೆ ಕೊರೆದರೆ ಪಕ್ಕದ ಮನೆಯವರ ಸೈಟಿಗೆ ತೆರೆಯುತ್ತೆ, ಅವರು ಒಪ್ತಿಲ್ಲ. ವಾಸ್ತು ಅಂತೆ. ಇವತ್ತು ಸಂಜೆ ಅಪ್ಪ ಅವರ ಮನೆಗೆ ಮಾತಾಡೋಕೆ ಹೋಗಿದ್ದಾನೆ, ಇನ್ನೂ ಬಂದಿಲ್ಲ.